ಹಳ್ಳಿಗಾಡಿನ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು ನಿಮಗೆ ಒಗ್ಗುವುದೇ? ಒಪ್ಪಿಗೆ ತಿಳಿಸುವ ಮುನ್ನ ಮಾಡಬೇಕಾದ ಪರಿಶೀಲನೆ

ಅಮೆರಿಕದ ಕಾಲೇಜುಗಳ ಪ್ರವೇಶ ನಿರ್ಧಾರಗಳು ಬಹುಪಾಲು ಮಾರ್ಚ್ ಕೊನೆಯ ಹೊತ್ತಿಗೆ ಕೈಸೇರುತ್ತವೆ. ಮೇ 1ರೊಳಗೆ ಒಂದು ಕಾಲೇಜಿಗೆ ಒಪ್ಪಿಗೆ ತಿಳಿಸಿ ಮುಂಗಡ ಕಟ್ಟಬೇಕು. ನಡುವಿನ ಆ ನಾಲ್ಕೈದು ವಾರಗಳಲ್ಲಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ, ಇಲ್ಲವೇ ನ್ಯೂಜೆರ್ಸಿಯ ಒಂದು ಕನ್ನಡ ಮನೆಯಲ್ಲೋ, ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕೂತು ಹಿಂದೆಂದೂ ಹೆಸರು ಕೇಳಿರದ ಊರುಗಳನ್ನು ನಕ್ಷೆಯಲ್ಲಿ ಹುಡುಕುತ್ತಾರೆ: ಅಯೋವಾದ ಗ್ರಿನೆಲ್, ಒಹಾಯೋದ ಗ್ಯಾಂಬಿಯರ್, ಮಿನೆಸೋಟಾದ ನಾರ್ತ್‌ಫೀಲ್ಡ್, ಮೆಸಾಚುಸೆಟ್ಸ್‌ನ ವಿಲಿಯಮ್ಸ್‌ಟೌನ್. ಗ್ಯಾಂಬಿಯರ್‌ನ ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಅವರಲ್ಲಿ ಹೆಚ್ಚಿನವರು ಅಲ್ಲಿನ ಕೆನ್ಯನ್ ಕಾಲೇಜಿನ ವಿದ್ಯಾರ್ಥಿಗಳೇ. ಇಂಥ ಕಡೆ ನಾಲ್ಕು ವರ್ಷ ಕಳೆಯುವುದು ಕೆಲವರ ಬದುಕಿನ ಅತ್ಯುತ್ತಮ ಕಾಲವಾಗುತ್ತದೆ, ಇನ್ನು ಕೆಲವರಿಗೆ ಉಸಿರುಕಟ್ಟಿಸುತ್ತದೆ. ಯಾರಿಗೆ ಯಾವುದು ಎಂಬುದನ್ನು ಮೊದಲೇ ಸಾಕಷ್ಟು ಮಟ್ಟಿಗೆ ಅಂದಾಜು ಮಾಡಬಹುದು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಅಕ್ಕನ ಮಗಳು ಇಂಥದೇ ಒಂದು ಕಾಲೇಜಿನಲ್ಲಿ ಈಗ ಮೂರನೆಯ ವರ್ಷದಲ್ಲಿದ್ದಾಳೆ. ಅವಳ ಜೊತೆ ಕೂತು ಈ ಪರಿಶೀಲನೆಯನ್ನೆಲ್ಲ ಮಾಡಿದ್ದು ನಾನೇ.

ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳಿ

ನಮ್ಮಲ್ಲಿ ಆರ್ಟ್ಸ್ ಎಂದರೆ ಬಿ.ಎ. ಎಂದೇ ಅರ್ಥ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ತೊಂಬತ್ತೈದು ಪ್ರತಿಶತ ಅಂಕ ಗಳಿಸಿದ ಮಗು ‘ಆರ್ಟ್ಸ್ ಕಾಲೇಜಿಗೆ’ ಹೋಗುತ್ತದೆ ಎಂದರೆ ಬಂಧುಗಳು ಹುಬ್ಬೇರಿಸುವುದು ಸಹಜ. ಆದರೆ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಭೌತವಿಜ್ಞಾನ, ಗಣಿತ, ರಸಾಯನವಿಜ್ಞಾನ, ಕಂಪ್ಯೂಟರ್ ಸೈನ್ಸ್ ಎಲ್ಲವೂ ಇರುತ್ತವೆ. ಪದವಿಯ ಹೆಸರು ಮಾತ್ರ ಸಾಮಾನ್ಯವಾಗಿ ಬಿ.ಎ. ಎಂದಿರುತ್ತದೆ. 1989ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದ ಥಾಮಸ್ ಚೆಕ್ ಗ್ರಿನೆಲ್ ಕಾಲೇಜಿನ ಪದವೀಧರರು. ಇಂಟೆಲ್ ಸ್ಥಾಪಕರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಅಲ್ಲಿಯೇ ಓದು ಮುಗಿಸಿದವರು. ಮೆಕ್ಕೆಜೋಳದ ಹೊಲಗಳ ನಡುವಿನ ಆ ಕಾಲೇಜಿಗೆ ಭೌತವಿಜ್ಞಾನದ ಪ್ರಾಧ್ಯಾಪಕ ಗ್ರಾಂಟ್ ಗೇಲ್ ಅವರು ಬೆಲ್ ಲ್ಯಾಬ್ಸ್‌ನಿಂದ ತರಿಸಿಕೊಂಡಿದ್ದ ಮೊದಮೊದಲ ಟ್ರಾನ್ಸಿಸ್ಟರ್‌ಗಳನ್ನು ನಾಯ್ಸ್ ವಿದ್ಯಾರ್ಥಿಯಾಗಿದ್ದಾಗಲೇ ಕಂಡಿದ್ದರು. ನಮ್ಮ ಎ. ಕೆ. ರಾಮಾನುಜನ್ ಅವರೂ ನಾರ್ತ್‌ಫೀಲ್ಡ್‌ನ ಕಾರ್ಲ್‌ಟನ್ ಕಾಲೇಜಿನಲ್ಲಿ ಕೆಲಕಾಲ ಪಾಠ ಮಾಡಿದ್ದರು.

ಈ ಕಾಲೇಜುಗಳಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗಳು ಇರುವುದಿಲ್ಲ ಎಂಬುದೇ ಇವುಗಳ ಮುಖ್ಯ ಗುಣ. ಪಾಠ ಮಾಡುವುದೂ ಉತ್ತರಪತ್ರಿಕೆ ನೋಡುವುದೂ ಪ್ರಾಧ್ಯಾಪಕರೇ, ಪ್ರಯೋಗಾಲಯದಲ್ಲಿ ಅವರಿಗೆ ಕೈಜೋಡಿಸುವವರು ಪದವಿ ವಿದ್ಯಾರ್ಥಿಗಳೇ. ಅದೇ ಕಾರಣಕ್ಕೆ ವಿಭಾಗಗಳು ಚಿಕ್ಕವು, ಸಂಶೋಧನೆಯ ವ್ಯಾಪ್ತಿಯೂ ಚಿಕ್ಕದು.

ಸ್ವಭಾವದ ಪ್ರಶ್ನೆಯನ್ನು ಎಲ್ಲಕ್ಕಿಂತ ಮುಂದೆ ಇಡಿ

ರ‍್ಯಾಂಕಿಂಗ್ ಪಟ್ಟಿಯನ್ನು ಪಕ್ಕಕ್ಕಿಟ್ಟು ವಿದ್ಯಾರ್ಥಿಯೇ ಉತ್ತರಿಸಬೇಕಾದ ಪ್ರಶ್ನೆ ಒಂದಿದೆ: ಹನ್ನೆರಡು ಜನರ ತರಗತಿಯಲ್ಲಿ, ವಾರಕ್ಕೆ ಮೂರು ದಿನ, ಮೇಜಿನ ಸುತ್ತ ಕೂತು, ಓದಿಕೊಂಡು ಬಂದದ್ದರ ಬಗ್ಗೆ ಮಾತನಾಡುವುದು ನನಗೆ ಇಷ್ಟವಾಗುತ್ತದೆಯೇ, ಅಥವಾ ಕನಿಷ್ಠ ಅದನ್ನು ಕಲಿಯುವ ಆಸೆಯಾದರೂ ನನಗಿದೆಯೇ? ಸಣ್ಣ ಕಾಲೇಜಿನಲ್ಲಿ ಅಡಗಿ ಕೂರಲು ಜಾಗವಿಲ್ಲ. ನಾನು ಒಂದು ಫೆಬ್ರುವರಿಯಲ್ಲಿ ಅಕ್ಕನ ಮಗಳನ್ನು ನೋಡಲು ಹೋಗಿದ್ದಾಗ, ಊರಿಗಿರುವ ಒಂದೇ ದಿನಸಿ ಅಂಗಡಿಯ ಬಿಲ್ಲಿಂಗ್ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದವರು ಅವಳ ರಸಾಯನವಿಜ್ಞಾನದ ಪ್ರಾಧ್ಯಾಪಕರು. ಬುಟ್ಟಿಯಲ್ಲಿದ್ದ ಹಾಲಿನ ಡಬ್ಬ, ಬ್ರೆಡ್ಡುಗಳನ್ನು ಬೆಲ್ಟಿನ ಮೇಲೆ ಇಡುತ್ತಲೇ ಹಿಂದಿರುಗಿ, ಹಿಂದಿನ ದಿನ ತರಗತಿಗೆ ಏಕೆ ಬರಲಿಲ್ಲ, ಜ್ವರ ಇಳಿಯಿತೇ ಎಂದು ವಿಚಾರಿಸಿದರು. ಹೊರಗೆ ಬಂದ ಮೇಲೆ ಅವಳು ಹೇಳಿದಳು: “ಚಿಕ್ಕಮ್ಮ, ಇಲ್ಲಿ ಒಂದು ದಿನ ಓದದೇ ಹೋದ್ರೂ ಗೊತ್ತಾಗಿಬಿಡತ್ತೆ. ಮೊದಲ ವರ್ಷ ಅದಕ್ಕೇ ಅಳು ಬರ್ತಿತ್ತು. ಈಗ ಅದಿಲ್ಲದೆ ಓದೋಕೇ ಆಗಲ್ಲ ಅನ್ಸತ್ತೆ.”

ಅವಳಿಗೆ ಆಸರೆಯಾದ ಈ ನಿಗಾ ಇನ್ನೊಬ್ಬರಿಗೆ ಹೊರೆಯಾಗಬಹುದು. ಗೆಳೆತನ ಮುರಿದರೆ ಆ ಗೆಳತಿಯನ್ನೇ ದಿನಕ್ಕೆ ಮೂರು ಸಲ ಊಟದ ಹಾಲ್‌ನಲ್ಲಿ ನೋಡಬೇಕು. ಎರಡು ಸಾವಿರ ಜನರ ನಡುವೆ ಸುದ್ದಿ ಹರಡಲು ಒಂದು ಸಂಜೆ ಸಾಕು. ಜನಜಂಗುಳಿಯಲ್ಲಿ ಯಾರ ಕಣ್ಣಿಗೂ ಬೀಳದೆ ಓಡಾಡುವುದರಲ್ಲೇ ನೆಮ್ಮದಿ ಕಾಣುವ, ಬೆಂಗಳೂರಿನಂಥ ಊರಿನ ಗದ್ದಲದಿಂದಲೇ ಚೈತನ್ಯ ಪಡೆಯುವ ಮಕ್ಕಳಿದ್ದಾರೆ. ಅದು ದೋಷವಲ್ಲ, ಅವರಿಗೆ ನಗರದ ದೊಡ್ಡ ವಿಶ್ವವಿದ್ಯಾಲಯ ಹೆಚ್ಚು ಹೊಂದುತ್ತದೆ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಂದೆ ತಾಯಿಯಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಮಗುವಿಗೆ ಒಂದು ವಾರ ಸಮಯ ಕೊಡಿ, ಉತ್ತರವನ್ನು ಬರೆದು ತರಲು ಹೇಳಿ.

ಕೋರ್ಸ್ ಪಟ್ಟಿಯನ್ನು ತೆರೆದು ನಾಲ್ಕು ವರ್ಷದ ವೇಳಾಪಟ್ಟಿ ಹಾಕಿ

ಹೆಚ್ಚಿನ ಮನೆಗಳಲ್ಲಿ ಮಾಡದೇ ಬಿಡುವ ಕೆಲಸ ಇದು, ನನ್ನ ಅನುಭವದಲ್ಲಿ ಅತ್ಯಂತ ಉಪಯೋಗವಾದದ್ದೂ ಇದೇ. ಕಾಲೇಜಿನ ಜಾಲತಾಣದಲ್ಲಿ ಎರಡು ಬೇರೆ ಬೇರೆ ದಾಖಲೆಗಳಿರುತ್ತವೆ. ಒಂದು ಕ್ಯಾಟಲಾಗ್, ಅಂದರೆ ಕಾಲೇಜು ಕಲಿಸಬಲ್ಲ ಎಲ್ಲ ಕೋರ್ಸ್‌ಗಳ ಪಟ್ಟಿ. ಇನ್ನೊಂದು ಆಯಾ ಸೆಮಿಸ್ಟರಿನಲ್ಲಿ ನಿಜವಾಗಿ ನಡೆಯುತ್ತಿರುವ ಕೋರ್ಸ್‌ಗಳ ವೇಳಾಪಟ್ಟಿ. ಕ್ಯಾಟಲಾಗ್ ನೋಡಿ ಮಾರುಹೋಗಬೇಡಿ. ಕಳೆದ ನಾಲ್ಕು ಸೆಮಿಸ್ಟರುಗಳ ವೇಳಾಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಮೂರನೆಯ ಮತ್ತು ನಾಲ್ಕನೆಯ ವರ್ಷದ ಮೇಲ್ಮಟ್ಟದ ಕೋರ್ಸ್‌ಗಳಲ್ಲಿ ಯಾವುವು ಪ್ರತಿವರ್ಷ ನಡೆದಿವೆ, ಯಾವುವು ವರ್ಷ ಬಿಟ್ಟು ವರ್ಷ ನಡೆದಿವೆ, ಯಾವುವು ಹೆಸರಿಗೆ ಮಾತ್ರ ಉಳಿದಿವೆ ಎಂದು ಗುರುತು ಮಾಡಿ. ನಾಲ್ಕೇ ಜನ ಪ್ರಾಧ್ಯಾಪಕರಿರುವ ವಿಭಾಗದಲ್ಲಿ ಒಬ್ಬರು ಸಬ್ಬಾಟಿಕಲ್ (ಸಂಶೋಧನೆಗೆಂದು ಕೊಡುವ ದೀರ್ಘ) ರಜೆಯ ಮೇಲೆ ಹೋದರೆ ಒಂದು ಮುಖ್ಯ ಕೋರ್ಸ್ ಇಡೀ ವರ್ಷ ನಿಂತುಹೋಗಬಹುದು.

ನಾವು ಊಟದ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿ ಎಂಟು ಅಂಕಣ ಎಳೆದು, ಪೆನ್ಸಿಲಿನಲ್ಲಿ ತುಂಬುತ್ತಾ ಹೋದೆವು. ಅವಳಿಗೆ ಭೌತವಿಜ್ಞಾನ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಆಗಬೇಕಿತ್ತು, ಜೊತೆಗೆ ಸಂಗೀತವೂ ಬೇಕಿತ್ತು. ಪ್ರವೇಶ ಸಿಕ್ಕಿದ್ದ ಒಂದು ಕಾಲೇಜಿನಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್ ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತಿತ್ತು, ಅದೂ ಸಂಗೀತ ಮೇಳದ ಅಭ್ಯಾಸದ ಹೊತ್ತಿಗೇ ಬರುತ್ತಿತ್ತು. ಹಾಳೆಯ ಮೇಲೆ ಆ ಚೌಕ ಖಾಲಿಯೇ ಉಳಿದಾಗ, ಮಾಹಿತಿ ಪುಸ್ತಿಕೆಯ ಚಿತ್ರಗಳು ತೋರಿಸದ ಸಂಗತಿ ನಮಗೆ ಕಂಡಿತು. ಆ ವಿಭಾಗಕ್ಕೆ ಪತ್ರ ಬರೆದು ಕೇಳಿದೆವು. ಬದಲಿಯಾಗಿ ಪ್ರಾಧ್ಯಾಪಕರ ಬಳಿ ಒಬ್ಬಳೇ ಕೂತು ಕಲಿಯುವ ‘ಇಂಡಿಪೆಂಡೆಂಟ್ ಸ್ಟಡಿ’ ಸಾಧ್ಯವೆಂದು ಉತ್ತರ ಬಂತು. ಸಣ್ಣ ಕಾಲೇಜಿನ ಕೊರತೆಯೂ ಅದಕ್ಕಿರುವ ಪರಿಹಾರವೂ ಹೀಗೆ ಜೊತೆಜೊತೆಗೇ ಬರುತ್ತವೆ. ಆ ಪರಿಹಾರ ನಿಮಗೆ ಒಪ್ಪಿಗೆಯೇ ಎಂಬುದನ್ನು ಮೊದಲೇ ಯೋಚಿಸಿರಬೇಕು.

ಪಾಠದ ಲಯವೂ ಕಾಲೇಜಿನಿಂದ ಕಾಲೇಜಿಗೆ ಬಹಳ ಬೇರೆ. ಕಾರ್ಲ್‌ಟನ್‌ನಲ್ಲಿ ಹತ್ತು ವಾರಗಳ ಮೂರು ಅವಧಿಗಳು, ಒಂದೊಂದರಲ್ಲಿ ಸಾಮಾನ್ಯವಾಗಿ ಮೂರು ಕೋರ್ಸ್. ಅಯೋವಾದ ಮೌಂಟ್ ವರ್ನನ್‌ನಲ್ಲಿರುವ ಕಾರ್ನೆಲ್ ಕಾಲೇಜಿನಲ್ಲಿ (ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೂ ಇದಕ್ಕೂ ಸಂಬಂಧವಿಲ್ಲ) ಒಂದು ಸಲಕ್ಕೆ ಒಂದೇ ಕೋರ್ಸ್, ಅದು ಮೂರೂವರೆ ವಾರದಲ್ಲಿ ಮುಗಿಯುತ್ತದೆ. ಗ್ರಿನೆಲ್‌ನಲ್ಲಿ ಮೊದಲ ವರ್ಷದ ಟ್ಯುಟೋರಿಯಲ್ ಬಿಟ್ಟರೆ ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ಕೋರ್ಸ್‌ಗಳಿಲ್ಲ, ಮೇಜರ್‌ನ ಅಗತ್ಯಗಳಷ್ಟೇ ಇರುತ್ತವೆ. ವಿಷಯವನ್ನು ನಿಧಾನವಾಗಿ ಅರಗಿಸಿಕೊಳ್ಳುವ ವಿದ್ಯಾರ್ಥಿಗೆ ಮೂರೂವರೆ ವಾರದ ಗಣಿತ ಕಷ್ಟವಾಗಬಹುದು. ಒಂದೇ ವಿಷಯದಲ್ಲಿ ಮುಳುಗಿಬಿಡುವವರಿಗೆ ಅದಕ್ಕಿಂತ ಹಿತವಾದ ಕ್ರಮ ಇನ್ನೊಂದಿಲ್ಲ.

ಎಂಜಿನಿಯರಿಂಗ್ ಬೇಕೆನ್ನುವವರು ಹೆಚ್ಚು ಎಚ್ಚರ ವಹಿಸಬೇಕು. ಪೆನ್ಸಿಲ್ವೇನಿಯಾದ ಲೂಯಿಸ್‌ಬರ್ಗ್‌ನಲ್ಲಿರುವ ಬಕ್ನೆಲ್‌ನಂಥ ಕೆಲವು ಸಂಸ್ಥೆಗಳಲ್ಲಿ ಎಂಜಿನಿಯರಿಂಗ್ ಅಲ್ಲಿಯೇ ಇದೆ. ಬಹಳಷ್ಟು ಸಣ್ಣ ಕಾಲೇಜುಗಳಲ್ಲಿ ಇರುವುದು ‘ಮೂರು-ಎರಡು’ ಒಪ್ಪಂದ: ಮೂರು ವರ್ಷ ಇಲ್ಲಿ, ಎರಡು ವರ್ಷ ಇನ್ನೊಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ, ಕೊನೆಗೆ ಎರಡು ಪದವಿ. ಎರಡನೆಯ ಸಂಸ್ಥೆಯಲ್ಲಿ ಪ್ರವೇಶ ಖಚಿತವೇ, ವಿದೇಶಿ ವಿದ್ಯಾರ್ಥಿಗೆ ಅಲ್ಲಿ ಆರ್ಥಿಕ ನೆರವು ಮುಂದುವರಿಯುತ್ತದೆಯೇ, ಕಳೆದ ಐದು ವರ್ಷದಲ್ಲಿ ನಿಜಕ್ಕೂ ಎಷ್ಟು ಜನ ಆ ದಾರಿಯಲ್ಲಿ ಹೋದರು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬಾರದಿದ್ದರೆ ಆ ಒಪ್ಪಂದವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಊರನ್ನು ಅಕ್ಟೋಬರಿನಲ್ಲಲ್ಲ, ಫೆಬ್ರುವರಿಯಲ್ಲಿ ನೋಡಿ

ಮಾಹಿತಿ ಪುಸ್ತಿಕೆಗಳಲ್ಲಿರುವ ಕೆಂಪು ಹಳದಿ ಎಲೆಗಳ ಚಿತ್ರಗಳು ಅಕ್ಟೋಬರಿನವು, ಅವು ಸುಳ್ಳಲ್ಲ. ಆದರೆ ಅಯೋವಾ, ಮಿನೆಸೋಟಾಗಳಲ್ಲಿ ಚಳಿಗಾಲದ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವಲ್ಲ, ಡಿಸೆಂಬರಿನಲ್ಲಿ ಸಂಜೆ ಐದರೊಳಗೆ ಕತ್ತಲಾಗುತ್ತದೆ. ಚಳಿಯನ್ನು ಒಳ್ಳೆಯ ಕೋಟು ಬೂಟುಗಳಿಂದ ಎದುರಿಸಬಹುದು. ಮಕ್ಕಳನ್ನು ಹೆಚ್ಚು ಕಾಡುವುದು ಬೇಗ ಕವಿಯುವ ಆ ಕತ್ತಲೆ, ಜೊತೆಗೆ ಎಲ್ಲಿಗೂ ಹೋಗಲಾಗದ ಸ್ಥಿತಿ. ಸಾಧ್ಯವಿದ್ದವರು ಚಳಿಗಾಲದಲ್ಲೇ ಹೋಗಿ ಒಂದು ರಾತ್ರಿ ವಿದ್ಯಾರ್ಥಿನಿಲಯದಲ್ಲಿ ತಂಗಿ ಬರಬೇಕು. ಕರ್ನಾಟಕದಿಂದ ಹೋಗಿ ನೋಡಲಾಗದವರು ಅಲ್ಲಿನ ವಿದ್ಯಾರ್ಥಿಯೊಬ್ಬರನ್ನು ವಿಡಿಯೊ ಕರೆಯಲ್ಲಿ ಸಂಪರ್ಕಿಸಿ, ಊಟದ ಹಾಲ್‌ನಿಂದ ಕೋಣೆಯವರೆಗೆ ನಡೆಯುತ್ತಾ ತೋರಿಸಲು ಕೇಳಬಹುದು.

ಓಡಾಟದ ಲೆಕ್ಕವನ್ನು ಬಿಡಿಬಿಡಿಯಾಗಿ ಮಾಡಿ. ಗ್ರಿನೆಲ್‌ನಿಂದ ಡೆ ಮೊಯ್ನ್ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ, ಗ್ಯಾಂಬಿಯರ್‌ನಿಂದ ಕೊಲಂಬಸ್‌ಗೂ ಅಷ್ಟೇ. ಕಾರಿಲ್ಲದ ವಿದ್ಯಾರ್ಥಿ ಆ ದಾರಿಯನ್ನು ಹೇಗೆ ಕ್ರಮಿಸಬೇಕು? ಕಾಲೇಜಿನ ಬಸ್ಸು ರಜೆ ಶುರುವಾಗುವ ದಿನ ಮಾತ್ರ ಓಡುತ್ತದೆಯೇ, ಅದಕ್ಕೆ ಎಷ್ಟು ಶುಲ್ಕ? ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲೂ ಡಿಸೆಂಬರಿನಲ್ಲೂ ವಿದ್ಯಾರ್ಥಿನಿಲಯ ಮುಚ್ಚಿದರೆ, ಮೂವತ್ತು ಗಂಟೆಯ ಪ್ರಯಾಣ ಮಾಡಿ ಬೆಂಗಳೂರಿಗೆ ಬರಲಾಗದ ವಿದ್ಯಾರ್ಥಿ ಎಲ್ಲಿ ಉಳಿಯಬೇಕು, ಊಟ ಎಲ್ಲಿ? ಕಾರ್ಲ್‌ಟನ್‌ನ ಚಳಿಗಾಲದ ಬಿಡುವು ಸುಮಾರು ಆರು ವಾರ. ಮನೆಗೆ ಬರುವವರಿಗೆ ಅದು ವರ, ಬರಲಾಗದವರಿಗೆ ದೊಡ್ಡ ಖರ್ಚು. ಆಪ್ತಸಮಾಲೋಚಕರು ಕಾಲೇಜಿನಲ್ಲೇ ಇದ್ದಾರೆಯೇ, ಹಲ್ಲುನೋವು ಬಂದರೆ ಹತ್ತಿರದ ವೈದ್ಯರು ಎಷ್ಟು ದೂರ ಎಂಬುದನ್ನೂ ಕೇಳಿ.

ಸಸ್ಯಾಹಾರದ ಬಗ್ಗೆ ನಮ್ಮವರಿಗಿರುವ ಆತಂಕಕ್ಕೆ ಈಗ ಮೊದಲಿನಷ್ಟು ಕಾರಣವಿಲ್ಲ. ಆದರೂ ಅನೇಕ ಕಡೆ ನಾಲ್ಕೂ ವರ್ಷ ಕ್ಯಾಂಪಸ್‌ನಲ್ಲೇ ಇರಬೇಕೆಂಬ, ಮೆಸ್ಸಿನ ಊಟದ ಹಣ ಕಟ್ಟಲೇಬೇಕೆಂಬ ನಿಯಮವಿರುವುದರಿಂದ ಒಂದು ವಾರದ ಮೆನುವನ್ನು ಜಾಲತಾಣದಲ್ಲಿ ನೋಡುವುದು ಒಳ್ಳೆಯದು. ವಾರಕ್ಕೊಮ್ಮೆ ಅನ್ನ ಸಾರು ಮಾಡಿಕೊಳ್ಳಲು ವಿದ್ಯಾರ್ಥಿನಿಲಯದಲ್ಲಿ ಅಡುಗೆಕೋಣೆ ಇದೆಯೇ ಎಂದೂ ಕೇಳಿಡಿ. ನನ್ನ ಅಕ್ಕನ ಮಗಳು ಭಾನುವಾರ ಸಂಜೆ ನೆಲಮಾಳಿಗೆಯ ಆ ಅಡುಗೆಕೋಣೆಯಲ್ಲಿ ಸಾರಿನಪುಡಿ ಡಬ್ಬ ತೆರೆದಾಗ, ನೇಪಾಳದ ಹುಡುಗಿಯೊಬ್ಬಳೂ ಅಯೋವಾದ ರೈತನ ಮಗನೊಬ್ಬನೂ ತಟ್ಟೆ ಹಿಡಿದು ಬಂದು ನಿಂತದ್ದನ್ನು ನಾನೇ ಕಂಡಿದ್ದೇನೆ.

ಹಣದ ಲೆಕ್ಕವನ್ನು ನಾಲ್ಕು ವರ್ಷಕ್ಕೆ ಹಾಕಿ

ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ ಸೇರಿ ವರ್ಷದ ಘೋಷಿತ ವೆಚ್ಚ ಅನೇಕ ಕಡೆ 80,000 ಡಾಲರ್ ದಾಟಿದೆ. ಬಹಳಷ್ಟು ವಿದ್ಯಾರ್ಥಿಗಳು ರಿಯಾಯಿತಿ ಕಳೆದು ಅದಕ್ಕಿಂತ ಕಡಿಮೆ ಕಟ್ಟುತ್ತಾರೆ, ಹಾಗಾಗಿ ನೋಡಬೇಕಾದದ್ದು ನಿಮ್ಮ ಪಾಲಿಗೆ ಬರುವ ನಿಜವಾದ ಮೊತ್ತವನ್ನು. ವಿದೇಶಿ ವಿದ್ಯಾರ್ಥಿಗಳಿಗೆ ಅಮೆರಿಕ ಸರ್ಕಾರದ ನೆರವು ಸಿಗುವುದಿಲ್ಲ, ಸಿಗುವುದೆಲ್ಲ ಕಾಲೇಜಿನ ಸ್ವಂತ ನಿಧಿಯಿಂದ. ಈ ಮೊತ್ತವನ್ನು ಅಂದಾಜಿಸಲು ಜಾಲತಾಣಗಳಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ಗಳು ಸಾಮಾನ್ಯವಾಗಿ ಅಮೆರಿಕದ ನಿವಾಸಿಗಳನ್ನು ಲೆಕ್ಕದಲ್ಲಿಟ್ಟುಕೊಂಡು ಮಾಡಿದವು. ನ್ಯೂಜೆರ್ಸಿಯ ಮನೆಗೆ ಅವು ಸಹಾಯಕ, ಮೈಸೂರಿನ ಮನೆಗೆ ದಾರಿ ತಪ್ಪಿಸಬಹುದು. ಕೆಂಟುಕಿಯ ಬೆರಿಯಾ ಕಾಲೇಜು ಯಾರಿಂದಲೂ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ಬದಲಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಕ್ಯಾಂಪಸ್‌ನಲ್ಲಿ ದುಡಿಯುತ್ತಾನೆ. ಆದರೆ ಅಲ್ಲಿ ವಿದೇಶಿಯರಿಗಿರುವ ಸ್ಥಾನಗಳು ಕೆಲವೇ.

ನೆರವಿನ ಪತ್ರ ಕೈಗೆ ಬಂದಾಗ ಮೂರು ವಿಷಯ ಕೇಳಿ: ಶುಲ್ಕ ಪ್ರತಿವರ್ಷ ಏರಿದಂತೆ ನೆರವೂ ಏರುತ್ತದೆಯೇ, ಅದನ್ನು ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕು, ಆರೋಗ್ಯ ವಿಮೆ ಅದರಲ್ಲಿ ಸೇರಿದೆಯೇ. ರೂಪಾಯಿ ನಾಲ್ಕು ವರ್ಷದಲ್ಲಿ ಕುಸಿಯಬಹುದೆಂಬ ಅಂದಾಜನ್ನೂ ಸೇರಿಸಿಕೊಳ್ಳಿ. ಪದವಿಯ ನಂತರ ಅಲ್ಲಿ ಕೆಲಸ ಮಾಡುವ ಯೋಚನೆಯಿದ್ದರೆ, ಈಗಿನ ನಿಯಮದಂತೆ ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಒಪಿಟಿ, ಅಂದರೆ ಓದಿದ ವಿಷಯಕ್ಕೆ ಸಂಬಂಧಿಸಿದ ಕೆಲಸ ಮಾಡುವ ಅನುಮತಿಯ ಅವಧಿ 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಎಂದು ಗುರುತಿಸಿದ ಮೇಜರ್‌ಗಳಿಗೆ ಇನ್ನೂ 24 ತಿಂಗಳು. ಅರ್ಥಶಾಸ್ತ್ರದಂಥ ವಿಷಯ ಒಂದು ಕಾಲೇಜಿನಲ್ಲಿ ಸ್ಟೆಮ್ ಪಟ್ಟಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಆದ್ದರಿಂದ ನಿಮ್ಮ ಮೇಜರ್‌ನ ಸಿಐಪಿ ಸಂಕೇತ (ಓದುವ ವಿಷಯವನ್ನು ವರ್ಗೀಕರಿಸುವ ಸರ್ಕಾರಿ ಸಂಖ್ಯೆ) ಯಾವುದೆಂದು ರಿಜಿಸ್ಟ್ರಾರ್ ಕಚೇರಿಗೆ ಬರೆದು ಕೇಳಿ.

ಕಾಲೇಜು ನಾಲ್ಕು ವರ್ಷ ಬಾಳುತ್ತದೆಯೇ

ಈ ಪ್ರಶ್ನೆ ಕೇಳಲು ನಮಗೆ ಮುಜುಗರ, ಆದರೆ ಕೇಳಲೇಬೇಕು. ನ್ಯೂಯಾರ್ಕ್ ರಾಜ್ಯದ ಅರೋರಾ ಎಂಬ ಪುಟ್ಟ ಊರಿನಲ್ಲಿ 1868ರಲ್ಲಿ ಆರಂಭವಾದ ವೆಲ್ಸ್ ಕಾಲೇಜು, 2024ರ ಏಪ್ರಿಲ್ ಕೊನೆಯಲ್ಲಿ, ಆ ಸೆಮಿಸ್ಟರ್ ಮುಗಿದ ಕೂಡಲೇ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಓದುತ್ತಿದ್ದವರಿಗೆ ಬೇರೆ ಕಾಲೇಜು ಹುಡುಕಲು ಉಳಿದದ್ದು ಕೆಲವೇ ವಾರಗಳು. ವರ್ಮಾಂಟ್‌ನ ಗ್ರೀನ್ ಮೌಂಟನ್ ಕಾಲೇಜು 2019ರಲ್ಲಿ, ಅದೇ ರಾಜ್ಯದ ಮಾರ್ಲ್‌ಬರೊ 2020ರಲ್ಲಿ, 1842ರಷ್ಟು ಹಳೆಯದಾದ ಅಯೋವಾ ವೆಸ್ಲಿಯನ್ 2023ರಲ್ಲಿ ಮುಚ್ಚಿದವು. ವರ್ಜೀನಿಯಾದ ಸ್ವೀಟ್ ಬ್ರಯರ್ 2015ರಲ್ಲಿ ಮುಚ್ಚುವುದಾಗಿ ಘೋಷಿಸಿದ ಮೇಲೆ, ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿ, ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ಉಳಿಸಿಕೊಂಡರು. 2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಜನನ ಪ್ರಮಾಣ ಇಳಿದದ್ದರಿಂದ ಹದಿನೆಂಟು ವರ್ಷದವರ ಸಂಖ್ಯೆಯೇ ಈಗ ಕಡಿಮೆಯಾಗುತ್ತಿದೆ. ದತ್ತಿನಿಧಿ ಚಿಕ್ಕದಾಗಿದ್ದು ಶುಲ್ಕವನ್ನೇ ನಂಬಿರುವ ಹಳ್ಳಿಗಾಡಿನ ಕಾಲೇಜುಗಳಿಗೆ ಇದರ ಪೆಟ್ಟು ಮೊದಲು ಬೀಳುತ್ತದೆ. ಗ್ರಿನೆಲ್‌ನಂತೆ 200 ಕೋಟಿ ಡಾಲರಿಗೂ ಮೀರಿದ ದತ್ತಿನಿಧಿ ಇರುವ ಕಾಲೇಜಿನ ಸ್ಥಿತಿಯೇ ಬೇರೆ. ಎರಡನ್ನೂ ‘ಸಣ್ಣ ಕಾಲೇಜು’ ಎಂಬ ಒಂದೇ ಹೆಸರಿನಿಂದ ಕರೆದು ಅಳೆಯಬಾರದು.

ನೋಡಬೇಕಾದ ದಾಖಲೆಗಳೆಲ್ಲ ಬಹಿರಂಗವಾಗಿಯೇ ಇವೆ. ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿದರೆ ಸಿಗುವ ಕಡತದಲ್ಲಿ, ಬಿ ಭಾಗವು ಮೊದಲ ವರ್ಷದವರಲ್ಲಿ ಎಷ್ಟು ಮಂದಿ ಎರಡನೆಯ ವರ್ಷಕ್ಕೆ ಮರಳಿದರು, ಎಷ್ಟು ಮಂದಿ ಪದವಿ ಮುಗಿಸಿದರು ಎಂಬುದನ್ನೂ, ಎಚ್ ಭಾಗವು ವಿದೇಶಿಯರಿಗೆ ಕೊಟ್ಟ ನೆರವನ್ನೂ, ಐ ಭಾಗವು ತರಗತಿಗಳ ಗಾತ್ರವನ್ನೂ ತಿಳಿಸುತ್ತವೆ. ಐದು ವರ್ಷದ ಕಡತಗಳನ್ನು ಹೋಲಿಸಿ, ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ ನೋಡಿ. ಅಮೆರಿಕದ ಶಿಕ್ಷಣ ಇಲಾಖೆ ಖಾಸಗಿ ಕಾಲೇಜುಗಳಿಗೆ ಮೈನಸ್ 1ರಿಂದ 3ರವರೆಗೆ ಆರ್ಥಿಕ ಹೊಣೆಗಾರಿಕೆಯ ಅಂಕ ಕೊಡುತ್ತದೆ, 1.5ಕ್ಕಿಂತ ಕಡಿಮೆಯಿದ್ದರೆ ಕಾರಣ ಕೇಳಿ. ಮಾನ್ಯತೆ ನೀಡುವ ಸಂಸ್ಥೆಯ ಜಾಲತಾಣದಲ್ಲಿ ಕಾಲೇಜಿನ ಹೆಸರಿನ ಮುಂದೆ ‘ವಾರ್ನಿಂಗ್’ ಅಥವಾ ‘ಪ್ರೊಬೇಷನ್’ ಎಂದಿದ್ದರೆ, ಎಷ್ಟೇ ದೊಡ್ಡ ವಿದ್ಯಾರ್ಥಿವೇತನ ಕೊಟ್ಟರೂ ಎರಡು ಸಲ ಯೋಚಿಸಿ. ಸಾಲ ಮಾಡಿ, ವೀಸಾ ಪಡೆದು ಹೋದ ಮಗುವಿಗೆ ಕಾಲೇಜು ಮುಚ್ಚಿದರೆ ಅಲ್ಲಿನ ವಿದ್ಯಾರ್ಥಿಗಿಂತ ಹೆಚ್ಚಿನ ಕಷ್ಟ, ಏಕೆಂದರೆ ಬೇರೆ ಕಾಲೇಜು ಸೇರುವುದರ ಮೇಲೆ ಆ ದೇಶದಲ್ಲಿ ಉಳಿಯುವ ಹಕ್ಕೂ ನಿಂತಿರುತ್ತದೆ.

ಅಲ್ಲಿರುವವರನ್ನು ಕೇಳಿ

ಪ್ರವೇಶ ಕಚೇರಿ ತಾನಾಗಿ ಪರಿಚಯಿಸುವ ವಿದ್ಯಾರ್ಥಿ ರಾಯಭಾರಿಗಳು ಒಳ್ಳೆಯವರೇ, ಆದರೆ ಅವರನ್ನು ಮಾತ್ರ ನಂಬಿ ತೀರ್ಮಾನಿಸಬೇಡಿ. ದಕ್ಷಿಣ ಏಷ್ಯಾ ವಿದ್ಯಾರ್ಥಿ ಸಂಘದವರನ್ನೂ, ನೀವು ಸೇರಲಿರುವ ವಿಭಾಗದ ಕೊನೆಯ ವರ್ಷದವರೊಬ್ಬರನ್ನೂ, ಸಾಧ್ಯವಾದರೆ ಆ ಕಾಲೇಜನ್ನು ಬಿಟ್ಟುಹೋದ ಒಬ್ಬರನ್ನೂ ಹುಡುಕಿ ಮಾತನಾಡಿ. “ಕಾಲೇಜು ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉತ್ತರವೇ ಬರುತ್ತದೆ. ಕಳೆದ ಶನಿವಾರ ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡಿದಿರಿ, ಕಳೆದ ಬೇಸಿಗೆಯಲ್ಲಿ ಯಾರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು, ಅಲ್ಲಿನ ಯಂತ್ರಗಳನ್ನು ನೀವೇ ನಡೆಸಿದಿರೋ ಬರೀ ನೋಡಿದಿರೋ, ಊರಿನ ಅಂಗಡಿ ಬೀದಿಯಲ್ಲಿ ನಿಮ್ಮನ್ನು ಹೇಗೆ ಕಾಣುತ್ತಾರೆ ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಬಹುಪಾಲು ಬಿಳಿಯರಿರುವ ಸಣ್ಣ ಊರಿನಲ್ಲಿ ಕಂದು ಬಣ್ಣದ ಹುಡುಗ ಅಥವಾ ಹುಡುಗಿ ಎಲ್ಲರ ಕಣ್ಣಿಗೂ ಬೀಳುತ್ತಾರೆ. ಅದು ಕೆಲವೊಮ್ಮೆ ಮನೆಗೆ ಊಟಕ್ಕೆ ಕರೆಯುವ ಅಕ್ಕರೆಯಾಗಿರುತ್ತದೆ, ಕೆಲವೊಮ್ಮೆ ಮನಸ್ಸು ಮುದುಡಿಸುವ ನೋಟವಾಗಿರುತ್ತದೆ.

ಪ್ರಾಧ್ಯಾಪಕರೊಬ್ಬರಿಗೂ ವಿದ್ಯಾರ್ಥಿಯೇ ಸ್ವತಃ ಒಂದು ಪತ್ರ ಬರೆಯಲಿ. ತಾನು ಓದಲಿಚ್ಛಿಸುವ ವಿಷಯದ ಒಂದು ನಿಜವಾದ ಸಂದೇಹ ಅದರಲ್ಲಿರಲಿ. ಅಕ್ಕನ ಮಗಳು ಹೀಗೆ ಮೂರು ಕಾಲೇಜುಗಳಿಗೆ ಬರೆದಿದ್ದಳು. ಒಂದರಿಂದ ಉತ್ತರ ಬರಲಿಲ್ಲ, ಇನ್ನೊಂದರಿಂದ ಪ್ರವೇಶ ಕಚೇರಿಯ ಸಿದ್ಧ ಪತ್ರ ಬಂತು. ಮೂರನೆಯದು ಬಂದದ್ದು ಆ ಕ್ವಾಂಟಂ ಮೆಕ್ಯಾನಿಕ್ಸ್ ಚೌಕ ಖಾಲಿ ಉಳಿದಿದ್ದ ಕಾಲೇಜಿನಿಂದಲೇ: ಅವಳ ಪ್ರಶ್ನೆಯಲ್ಲಿದ್ದ ಒಂದು ತಪ್ಪನ್ನು ತಿದ್ದಿ, ಎರಡು ಪುಟ ಬರೆದು, ಕೊನೆಗೆ ಆ ಸಮಸ್ಯೆಯನ್ನು ಅವಳು ಹೇಗೆ ಬಿಡಿಸುವಳೆಂದು ಕೇಳಿದ್ದರು. ಅವಳು ಆ ರಾತ್ರಿ ಒಂದು ಗಂಟೆಯವರೆಗೆ ಕೂತು ಅದನ್ನು ಬಿಡಿಸಿದಳು. ಬೆಳಗ್ಗೆ ಎದ್ದು, ಹಾಳೆಯ ಮೇಲಿನ ಖಾಲಿ ಚೌಕದಲ್ಲಿ ಪೆನ್ಸಿಲಿನಿಂದ ‘ಇಂಡಿಪೆಂಡೆಂಟ್ ಸ್ಟಡಿ’ ಎಂದು ಬರೆದಳು.